ಅತ್ತೆಯ ಅಳತೆಯ ಕುರ್ಚಿ

ನನ್ನ ಅತ್ತೆ ಬದುಕಿಡೀ ಕುರ್ಚಿ ಹೆಣೆದವರು. ಬೆತ್ತದ ಎಳೆಗಳನ್ನು ನೀರಿನಲ್ಲಿ ನೆನೆಹಾಕಿ, ಮರದ ಚೌಕಟ್ಟಿನ ತೂತುಗಳಲ್ಲಿ ಪೋಣಿಸಿ, ಉದ್ದಕ್ಕೆ, ಅಡ್ಡಕ್ಕೆ, ಆಮೇಲೆ ಓರೆಯಾಗಿ ಎಳೆದು ಹೆಣೆದು, ಬೇರೆಯವರು ಕೂರುವ ಜಾಗವನ್ನು ಸಿದ್ಧ ಮಾಡುವುದು ಅವರ ಕೆಲಸ. ಆದರೆ ನಾನು ಮದುವೆಯಾಗಿ ಈ ಮನೆಗೆ ಬಂದ ಮೇಲೆ ಅವರು ಕುರ್ಚಿಯಲ್ಲಿ ಕೂತದ್ದನ್ನು ಒಂದು ಸಲವೂ ನೋಡಿರಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋದರೆ ಖಾಲಿ ಕುರ್ಚಿಗಳ ಸಾಲಿನ ಪಕ್ಕದಲ್ಲೇ ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಮನೆಯಲ್ಲಿ ನಾವು ಆಸೆಪಟ್ಟು ತಂದ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಮಡಚಿದ ಬಟ್ಟೆ ಇಡುತ್ತಿದ್ದರೇ ಹೊರತು ತಾವು ಮಾತ್ರ ತಮ್ಮ ಮರದ ಮಣೆ ಎಳೆದುಕೊಂಡು ನೆಲಕ್ಕೆ ಅಂಟಿ ಕೂರುತ್ತಿದ್ದರು. ಕೇಳಿದರೆ ಉತ್ತರ ಸಿದ್ಧವಿರುತ್ತಿತ್ತು. ಅವರು ತುಂಬ ಕುಳ್ಳಗೆ. ಯಾವ ಕುರ್ಚಿಯಲ್ಲಿ ಕೂತರೂ ಕಾಲು ನೆಲ ಮುಟ್ಟುವುದಿಲ್ಲ.

“ಕಾಲು ನೇತಾಡಿಸಿಕೊಂಡು ಕೂರೋಕೆ ನಾನೇನು ತೊಟ್ಟಿಲ ಮಗುನಾ?” ಎನ್ನುತ್ತಿದ್ದರು.

ಕೆಲಸದ ಕಡೆ ಇದಕ್ಕೆ ಇನ್ನೊಂದು ಕಟ್ಟುಪಾಡೂ ಇತ್ತು. ಅವರ ಕಾರ್ಖಾನೆಯ ಹಳೆಯ ಯಜಮಾನರು ಕೆಲಸಕ್ಕೆ ಸೇರಿದವರಿಗೆಲ್ಲ ಮೊದಲ ದಿನವೇ ಹೇಳುತ್ತಿದ್ದ ಮಾತು ಒಂದೇ: ಹೊಸ ಕುರ್ಚಿಯಲ್ಲಿ ಮೊದಲು ಕೂರುವವರು ಅದನ್ನು ಕೊಂಡವರು. ಮಾಡಿದವರು ಕೂರಕೂಡದು. ಹಾಗಾದರೆ ಹೆಣಿಗೆ ಬಿಗಿಯಾಗಿದೆಯೋ ಇಲ್ಲವೋ ನೋಡುವುದು ಹೇಗೆ? ಅದಕ್ಕೆ ಮಂಡಿ. ಬೆತ್ತ ಪೂರ್ತಿ ಒಣಗಿದ ಮೇಲೆ ನಡುಮಧ್ಯಕ್ಕೆ ಒಂದು ಮಂಡಿಯೂರಿ, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು ಒತ್ತಬೇಕು. ಸಣ್ಣಗೆ ಕಿರ್ರೆಂದು ಸುಮ್ಮನಾದರೆ ಸರಿ. ಕೆಳಗೆ ಜಗ್ಗಿದರೆ ಬಿಚ್ಚಿ ಮತ್ತೆ ಹೆಣೆಯಬೇಕು. ಅತ್ತೆ ಒತ್ತಿದ ಕುರ್ಚಿ ಜಗ್ಗಿದ್ದೇ ಇಲ್ಲವಂತೆ. ಅಲ್ಲಿ ಅವರನ್ನು ಎಲ್ಲರೂ ಮಂಡಿಯಮ್ಮ ಎಂದೇ ಕರೆಯುತ್ತಿದ್ದರು. ಕೊನೆಗೆ ಅವರಿಗೆ ಕೈಕೊಟ್ಟದ್ದೂ ಆ ಮಂಡಿಯೇ.

ಈ ವಿಷಯದಲ್ಲಿ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಕಾರಣ ಇದೆ. ನಾನು ದೊಡ್ಡದೊಂದು ಬಟ್ಟೆ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಲ್ಲುವವಳು. ನಿಲ್ಲುವವಳು ಎಂದರೆ ನಿಲ್ಲುವವಳೇ. ಬಾಗಿಲು ತೆಗೆದಾಗಿನಿಂದ ಹಾಕುವವರೆಗೆ ನಮಗೆ ಕೂರುವಂತಿಲ್ಲ. ಸ್ಟೂಲುಗಳಿವೆ, ಮೆತ್ತನೆಯ ಗಾದಿಯೂ ಇದೆ, ಎಲ್ಲ ಗಿರಾಕಿಗಳಿಗೆ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಆ ಸ್ಟೂಲುಗಳು ನಮ್ಮ ಮುಖ ನೋಡುತ್ತ, ನಾವು ಅವುಗಳ ಮುಖ ನೋಡುತ್ತ ಇರುತ್ತೇವೆ. ಕಪಾಟಿಗೆ ಸ್ವಲ್ಪ ಒರಗಿದರೂ ಮೇಲ್ವಿಚಾರಕರು ದೂರದಿಂದಲೇ ಗಂಟಲು ಸರಿಮಾಡಿಕೊಳ್ಳುತ್ತಾರೆ. ಸಂಜೆ ಮನೆಗೆ ಬಂದಾಗ ಕಾಲು ಬಾತು ಚಪ್ಪಲಿ ಬಿಡಿಸುವುದೇ ಒಂದು ಕೆಲಸ. ನಮ್ಮ ಮನೆಯಲ್ಲಿ ಒಬ್ಬರು ನೆಲದಲ್ಲಿ ಕೂತು ಮಂಡಿ ಕಳೆದುಕೊಂಡರು, ಇನ್ನೊಬ್ಬಳು ನಿಂತು ಪಾದ ಕಳೆದುಕೊಳ್ಳುತ್ತಿದ್ದಾಳೆ. ಹಾಗಾಗಿ ನನ್ನ ಮಗಳಿಗೆ ನಾನು ಚಿಕ್ಕಂದಿನಿಂದ ಹೇಳಿಕೊಟ್ಟದ್ದು ಒಂದೇ ವಿದ್ಯೆ: ಎಲ್ಲಿ ಹೋದರೂ ಕುರ್ಚಿ ಖಾಲಿಯಿದ್ದರೆ ಕೂತುಬಿಡು, ಯಾರಪ್ಪನ ಮನೆಯದೂ ಅಲ್ಲ ಅದು.

ಅತ್ತೆಗೆ ಇದು ಸರಿಬರುತ್ತಿರಲಿಲ್ಲ. ಒಮ್ಮೆ ನೆಂಟರ ಮನೆಯಲ್ಲಿ ಹಿರಿಯರೆಲ್ಲ ಇನ್ನೂ ಬಾಗಿಲಲ್ಲಿ ಮಾತಾಡುತ್ತಿರುವಾಗಲೇ ನನ್ನ ಮಗಳು ಹೋಗಿ ಅಲ್ಲಿದ್ದ ಅತಿ ದೊಡ್ಡ ಕುರ್ಚಿಯಲ್ಲಿ ಕಾಲು ಮಡಚಿ ಕೂತಳು. ದಾರಿಯಲ್ಲಿ ವಾಪಸು ಬರುವಾಗ ಅತ್ತೆ, ಹೆಣ್ಣುಮಗು ಸ್ವಲ್ಪ ನೋಡಿ ಕೂರಬೇಕಮ್ಮ ಎಂದು ಮೆತ್ತಗೆ ಹೇಳಿದರು. ನೋಡಿಯೇ ಕೂತೆ ಅಜ್ಜಿ, ಖಾಲಿಯಿತ್ತು ಎಂದಳು ಅವಳು. ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ನಗಲಿಲ್ಲ, ಬೈಯಲೂ ಇಲ್ಲ. ಸ್ವಲ್ಪ ದೂರ ನಡೆದ ಮೇಲೆ ಮೊಮ್ಮಗಳ ಕೈ ಹಿಡಿದುಕೊಂಡರು.

ಅತ್ತೆಗೂ ಒಂದು ಕುರ್ಚಿಯ ಆಸೆ ಇತ್ತು. ಅದು ನನಗೆ ಗೊತ್ತಾದದ್ದು ತುಂಬ ತಡವಾಗಿ, ಅವರ ಮಂಡಿಗೆ ಎಣ್ಣೆ ತಿಕ್ಕುವ ಹೊಣೆ ನನ್ನ ಪಾಲಿಗೆ ಬಂದ ಮೇಲೆ. ಕಾಲು ಚಾಚಿ ಕೂತಾಗ ಅವರ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು.

ನನ್ನ ಮಾವನನ್ನು ನಾನು ನೋಡಿದವಳಲ್ಲ. ಅದೇ ಕಾರ್ಖಾನೆಯಲ್ಲಿ ಅವರು ಬಡಗಿ. ಅವರು ಮಾಡಿದ ಚೌಕಟ್ಟಿಗೆ ಅತ್ತೆ ಬೆತ್ತ ಹೆಣೆಯುತ್ತಿದ್ದರು. ಮದುವೆಯಾದ ಹೊಸದರಲ್ಲಿ, ಹೆಂಡತಿಯ ಕಾಲು ಯಾವ ಕುರ್ಚಿಯಿಂದಲೂ ನೆಲ ಮುಟ್ಟುವುದಿಲ್ಲ ಎಂದು ಮಾವನ ತಲೆಗೆ ಹತ್ತಿತು. ಒಂದು ದಿನ ಇವರನ್ನು ನಿಲ್ಲಿಸಿ, ಮಂಡಿಯಿಂದ ಹಿಮ್ಮಡಿಯವರೆಗೆ ಗೇಣು ಹಾಕಿ ಅಳೆದರು. ಅತ್ತೆ ಕಚಗುಳಿಯಾಗಿ ಕಾಲು ಎಳೆದುಕೊಂಡರೆ, ಅಲುಗಾಡಬೇಡ, ಅಳತೆ ತಪ್ಪುತ್ತೆ ಎಂದು ಗದರಿದರಂತೆ. ಆಮೇಲೆ ರಜೆಯ ದಿನಗಳಲ್ಲೆಲ್ಲ ಕಾರ್ಖಾನೆಯ ಮೂಲೆಯಲ್ಲಿ ಬಿದ್ದಿದ್ದ ಚೂರುಪಾರು ಮರ ತಂದು ತಮ್ಮ ಒಂಟಿ ಕೋಣೆಯಲ್ಲಿ ಕೂತು ಕೆತ್ತಿದರು. ಗಿಡ್ಡ ಕಾಲಿನ, ಎರಡು ಕಡೆ ಕೈಯಿಡಲು ತೋಳಿರುವ ಕುರ್ಚಿ. ಬೆತ್ತ ಪೋಣಿಸಲು ತೂತು ಕೊರೆಯುವಾಗ ಅವರ ಕಣ್ಣು ಕೆಲಸದ ಮೇಲಿರದೆ ಹೆಂಡತಿಯ ಮೇಲಿತ್ತು. ಹಿಂದಿನ ಎಡಮೂಲೆಯಲ್ಲಿ ಒಂದು ತೂತು ಇರಬೇಕಾದಲ್ಲಿ ಎರಡು ಬಿದ್ದವು, ಒಂದಕ್ಕೊಂದು ಅಂಟಿಕೊಂಡ ಹಾಗೆ. ಅಷ್ಟು ಹೆಸರಾಂತ ಕೈ, ಮನೆಯಲ್ಲಿ ಹೀಗೆ ಎಡವಿತಲ್ಲ ಎಂದು ಅತ್ತೆ ಆಡಿಕೊಂಡು ನಕ್ಕರಂತೆ. ಆ ಜೋಡಿ ತೂತಿನ ಮಾತು ಬಂದಾಗ ಅತ್ತೆಯ ಮುಖ ಎಳೆಯದಾಗಿ, ಹುಡುಗಿಯ ಮುಖವಾಗುತ್ತಿತ್ತು.

ಅತ್ತೆಯೇ ಅದನ್ನು ಹೆಣೆದರು. ಹಸಿ ಬೆತ್ತದ ಮೇಲೆ ಕೂತರೆ ಜಗ್ಗಿಬಿಡುತ್ತದೆ, ಒಣಗಲು ಬಿಡಬೇಕು. ಬೆಳಗ್ಗೆ ಕೂರುವುದು ಎಂದು ಗಂಡ ಹೆಂಡತಿ ಮಾತಾಡಿಕೊಂಡರು. ಬೆಳಗ್ಗೆ ಅವಸರದ ಕೆಲಸಕ್ಕೆ ಮಾವನನ್ನು ಕರೆಯಲು ಯಜಮಾನರೇ ಬಾಗಿಲಿಗೆ ಬಂದರು. ಕುರ್ಚಿ ನೋಡಿದರು, ತಿರುಗಿಸಿ ಮುರುಗಿಸಿ ನೋಡಿದರು. ಮರ ಎಲ್ಲಿಯದು ಎಂದು ಕೇಳಿದರು. ನಮ್ಮದೇ ಕಾರ್ಖಾನೆಯ ಚೂರು ಎಂದರು ಮಾವ. ಹಾಗಾದರೆ ನಮ್ಮ ಸಾಮಾನೇ ಆಯಿತಲ್ಲ ಎಂದು ನಗುನಗುತ್ತಲೇ ಹೇಳಿ, ಗಿರಾಕಿಗಳಿಗೆ ತೋರಿಸಿ ಕಳಿಸುತ್ತೇನೆ ಎಂದು ಎತ್ತಿಸಿಕೊಂಡು ಹೋದರು. ಮಾವ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು. ಬೇಡ ಎಂದಿದ್ದರೆ ಕೆಲಸ ಹೋಗುತ್ತಿತ್ತು, ಕೋಣೆಯೂ ಯಜಮಾನರದ್ದೇ. ಅದೇ ವಾರ ಕಾರ್ಖಾನೆಗೆ ಬಂದ ದೊಡ್ಡ ಮನೆಯ ಹೆಂಗಸೊಬ್ಬರು ಸುಮ್ಮನೆ ಒಮ್ಮೆ ಅದರಲ್ಲಿ ಕೂತರಂತೆ. ಅವರೂ ಅತ್ತೆಯಷ್ಟೇ ಕುಳ್ಳಗೆ. ಅವರ ಎರಡೂ ಪಾದ ನೆಲಕ್ಕೆ ತಾಗಿದವು, ಅವರು ಏಳಲೇ ಇಲ್ಲ. ಕುರ್ಚಿ ಅವರೊಂದಿಗೇ ಹೋಯಿತು.

ಇದನ್ನು ಕೇಳಿದ ದಿನ ನನಗೆ ಆ ಹೆಂಗಸಿನ ಮೇಲೆ ಕೆಂಡದಂಥ ಕೋಪ ಬಂತು. ಅತ್ತೆಗೆ ಇರಲಿಲ್ಲ. ಪಾಪ, ಅವರಿಗೇನು ಗೊತ್ತು ಎಂದುಬಿಟ್ಟರು. ಮಾವ ಇನ್ನೊಂದು ಮಾಡುತ್ತೇನೆ ಎಂದರು. ಅಷ್ಟರಲ್ಲಿ ಕೆಮ್ಮು ಹಿಡಿಯಿತು. ಮರದ ಹೊಟ್ಟು, ಪಾಲಿಶಿನ ಗಾಟು, ಎದೆಯೊಳಗೆ ಏನೇನು ಕೂತಿತ್ತೋ. ನನ್ನ ಗಂಡ ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದಾಗಲೇ ಮಾವ ಹೋದರು. ಹಾಸಿಗೆ ಹಿಡಿದಿದ್ದಾಗ ಅವರು ಹೇಳಿದ ಮಾತೊಂದನ್ನು ಅತ್ತೆ ಅವರ ದನಿಯಲ್ಲೇ ನನಗೆ ಹೇಳಿ ತೋರಿಸಿದ್ದರು.

“ಬೆತ್ತ ಅಲ್ವೇನೇ? ಎಷ್ಟು ವರ್ಷ ತಡೆಯುತ್ತೆ? ಹರಿದಾಗ ಹೆಣೆಯೋರ ಹತ್ತಿರಾನೇ ಬರಬೇಕು. ಬಂದೇ ಬರುತ್ತೆ, ನೋಡ್ತಿರು.”

ಅತ್ತೆ ನೋಡುತ್ತಿದ್ದರು. ರಿಪೇರಿಗೆ ಬಂದ ಪ್ರತಿ ಹಳೆಯ ಕುರ್ಚಿಯನ್ನೂ ಮುಂದೆ ಎಳೆದುಕೊಂಡು, ಹರಿದ ಬೆತ್ತ ಕೀಳುವ ಮೊದಲು, ಹಿಂದಿನ ಎಡಮೂಲೆಯ ಮೇಲೆ ಬೆರಳಾಡಿಸುತ್ತಿದ್ದರು. ಜೊತೆಯವರು ಅದನ್ನು ಕೆಲಸಕ್ಕೆ ಮುಂಚೆ ಕೈಮುಗಿಯುವ ಅಭ್ಯಾಸ ಎಂದುಕೊಂಡಿದ್ದರು. ಪ್ಲಾಸ್ಟಿಕ್ ಬಂತು, ಕಬ್ಬಿಣ ಬಂತು, ಹೆಣೆಯುವವರೆಲ್ಲ ಒಬ್ಬೊಬ್ಬರಾಗಿ ಬೇರೆ ದಾರಿ ಹಿಡಿದರು. ಹಳೆಯ ಯಜಮಾನರು ತೀರಿಕೊಂಡು ಮಗ ಯಜಮಾನನಾದ. ಮತ್ತೆ ಈಚೆಗೆ ಹಣವಂತರಿಗೆ ಹಳೆಯ ಬೆತ್ತದ ಸಾಮಾನಿನ ಹುಚ್ಚು ಹತ್ತಿತು. ಅತ್ತೆ ಎಲ್ಲ ಕಾಲದಲ್ಲೂ ಅದೇ ಮಣೆಯ ಮೇಲೆ ಅದೇ ಮೂಲೆಯಲ್ಲಿದ್ದರು.

ಕೊನೆಕೊನೆಗೆ ನೆಲದಿಂದ ಏಳಲು ಅವರಿಗೆ ಇಬ್ಬರ ಆಸರೆ ಬೇಕಾಯಿತು. ಇನ್ನು ನೆಲದಲ್ಲಿ ಕೂರಲೇಬಾರದು ಎಂದರು ಡಾಕ್ಟರು. ನನ್ನ ಗಂಡ ಶಾಲೆಯ ವ್ಯಾನು ಓಡಿಸುತ್ತಾರೆ, ಬೆಳಗಿನಿಂದ ಸಂಜೆಯವರೆಗೆ ಮಕ್ಕಳ ಗಲಾಟೆಯಲ್ಲಿ ಇರುವುದರಿಂದಲೋ ಏನೋ ಮನೆಯಲ್ಲಿ ಮಾತು ಕಡಿಮೆ. ಅಂಥವರೂ ಅವತ್ತು ಅಮ್ಮನೆದುರು ಬಾಯಿಬಿಟ್ಟರು. ಆ ಕುರ್ಚಿ ಎಂದೋ ಒಲೆಗೆ ಹೋಗಿರುತ್ತದೆ, ಅದಕ್ಕಾಗಿ ನೀನೂ ಯಾಕೆ ಸುಟ್ಟುಕೊಳ್ಳುತ್ತೀಯ ಎಂದರು. ಈ ತಿಂಗಳು ಮುಗಿಯಲಿ, ಕೆಲಸ ಬಿಡುತ್ತೇನೆ ಎಂದರು ಅತ್ತೆ. ತಿಂಗಳು ಮುಗಿಯುವುದರೊಳಗೆ ಆ ಕುರ್ಚಿ ಬರಬೇಕು ಎಂದು ಅವರು ಯಾರಿಗೆ ಹೇಳಿಕೊಂಡರೋ ಗೊತ್ತಿಲ್ಲ. ನಾನಂತೂ ಮನಸ್ಸಿನಲ್ಲೇ ಹೇಳಿಕೊಂಡೆ.

ನನ್ನ ವಾರದ ರಜೆಯ ದಿನ ಅವರಿಗೆ ಆಸರೆಯಾಗಿ ನಾನೂ ಕಾರ್ಖಾನೆಗೆ ಹೋಗುತ್ತಿದ್ದೆ. ತಗಡಿನ ಸೂರು, ಪಾಲಿಶಿನ ವಾಸನೆ, ಬಾಗಿಲ ಪಕ್ಕ ಬೆತ್ತ ನೆನೆಸುವ ದೊಡ್ಡ ತೊಟ್ಟಿ. ಅವತ್ತು ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತಿರುವಾಗ ಹೊರಗೆ ಕಾರು ನಿಂತಿತು. ಇಪ್ಪತ್ತೈದರ ಆಸುಪಾಸಿನ ಹುಡುಗಿಯೊಬ್ಬಳು ಇಳಿದಳು. ಸಣ್ಣ ಯಜಮಾನ ತಾನೇ ಹೋಗಿ ಅವಳ ಕಾರಿನ ಹಿಂಬದಿಯಿಂದ ಕುರ್ಚಿಯೊಂದನ್ನು ಇಳಿಸಿ ತಂದು, ಮಂಡಿಯಮ್ಮ ಇದೊಂದು ನೋಡಿ ಎಂದು ಮುಂದಿಟ್ಟ. ಧೂಳು ಹಿಡಿದ ಮರ. ಕೂರುವ ಜಾಗದಲ್ಲಿ ಬೆತ್ತವೇ ಇಲ್ಲ, ತೂತುಗಳಲ್ಲಿ ಹಳೆಯ ಎಳೆಗಳ ತುಂಡುಗಳಷ್ಟೇ ಉಳಿದಿದ್ದವು.

ಅತ್ತೆ ಎಂದಿನಂತೆ ಹಿಂದಿನ ಎಡಮೂಲೆಗೆ ಕೈ ಹಾಕಿದರು. ಬೆರಳು ನಿಂತಿತು. ಮತ್ತೆ ಮೊದಲಿನಿಂದ ಸವರಿಕೊಂಡು ಬಂದರು, ಮತ್ತೆ ಅಲ್ಲೇ ನಿಂತಿತು. ನನ್ನ ಕಡೆ ನೋಡಲಿಲ್ಲ. ನಾನು ಬಗ್ಗಿ ನೋಡಿದೆ. ಒಂದಕ್ಕೊಂದು ಅಂಟಿಕೊಂಡು ಎರಡು ತೂತು. ಅತ್ತೆಯ ಕೈ ಈಗ ಕುರ್ಚಿಯ ಕಾಲಿಗೆ ಇಳಿದಿತ್ತು.

“ಇದು ಎತ್ತರ ಇದೆಯಲ್ಲೇ,” ಎಂದರು, ನನಗಷ್ಟೇ ಕೇಳುವಂತೆ.

ನಿಜ, ಅದು ಎಲ್ಲ ಕುರ್ಚಿಗಳಷ್ಟೇ ಎತ್ತರವಿತ್ತು. ಸರಿಯಾಗಿ ನೋಡಿದರೆ ನಾಲ್ಕೂ ಕಾಲುಗಳ ಕೆಳಗೆ ಬೇರೆ ಮರದ ತುಂಡು ಕೂಡಿಸಿದ್ದು ಕಾಣುತ್ತಿತ್ತು. ಮೇಲೆ ಬಣ್ಣ ಬಳಿದಿದ್ದರೂ ಸೇರಿಸಿದ ಗೆರೆ ಉಳಿದಿತ್ತು. ಹುಡುಗಿ ಮಾತುಗಾತಿ. ಕೇಳದೆಯೇ ಎಲ್ಲ ಹೇಳಿದಳು. ಇದು ಅವಳ ಅಜ್ಜಿಯ ಕುರ್ಚಿಯಂತೆ. ಅಜ್ಜಿ ಹೋದ ಮೇಲೆ ಊಟದ ಮೇಜಿಗೆ ಹೊಂದಲಿ ಎಂದು ಅವಳ ತಂದೆ ಕಾಲು ಎತ್ತರಿಸಿದರಂತೆ. ಬೆತ್ತ ಹರಿದು ಯಾವುದೋ ಕಾಲವಾಗಿತ್ತು, ಆದರೆ ಅಜ್ಜಿ ಅದನ್ನು ರಿಪೇರಿಗೆ ಕಳಿಸಲು ಬಿಟ್ಟಿರಲಿಲ್ಲ. ಒಂದು ದಿನವೂ ಕುರ್ಚಿ ಮನೆಬಿಟ್ಟು ಹೋಗಕೂಡದು ಎಂದು ಹಟ. ಹಲಗೆ ಹಾಕಿ ಮೇಲೊಂದು ದಿಂಬು ಹೊಲಿಸಿಕೊಂಡು ಕೊನೆಯವರೆಗೂ ಅದರಲ್ಲೇ ಕೂತರು.

ಇಷ್ಟು ವರ್ಷ ಕುರ್ಚಿ ಯಾಕೆ ಬರಲಿಲ್ಲ ಎನ್ನುವುದಕ್ಕೆ ಉತ್ತರ ಸಿಕ್ಕಿತ್ತು. ಅಷ್ಟು ಪ್ರೀತಿಸಿದ್ದಕ್ಕೇ ಅವರು ಅದನ್ನು ಹೊರಗೆ ಬಿಡಲಿಲ್ಲ. ನಾನು ಬಾಯಿ ತೆರೆದೆ. ಇದು ಯಾರ ಅಳತೆಯ ಕುರ್ಚಿ ಗೊತ್ತೇನಮ್ಮ ಎಂದು ಕೇಳಿಯೇಬಿಡುವವಳಿದ್ದೆ. ಅತ್ತೆ ಕೆಳಗಿನಿಂದ ನನ್ನ ಕಾಲ್ಬೆರಳನ್ನು ಅದುಮಿ ಹಿಡಿದರು. ಬೆತ್ತ ಎಳೆದೆಳೆದು ಗಟ್ಟಿಯಾದ ಬೆರಳು, ನೋವಾಯಿತು. ನಾನು ಬಾಯಿ ಮುಚ್ಚಿಕೊಂಡೆ. ಅವರೇ ತಲೆಯೆತ್ತಿ ಹುಡುಗಿಯನ್ನು ಒಂದು ಮಾತು ಕೇಳಿದರು.

“ನಿಮ್ಮ ಅಜ್ಜಿ ಇದರಲ್ಲಿ ಕೂತು ಏನು ಮಾಡ್ತಿದ್ರಮ್ಮಾ?”

ಹುಡುಗಿಗೆ ಪ್ರಶ್ನೆ ವಿಚಿತ್ರ ಎನ್ನಿಸಿರಬೇಕು. ಸ್ವಲ್ಪ ಯೋಚಿಸಿದಳು.

“ಏನೂ ಮಾಡ್ತಿರಲಿಲ್ಲ. ಕಿಟಕಿ ಹತ್ತಿರ ಸುಮ್ಮನೆ ಕೂರ್ತಿದ್ರು.”

ಸುಮ್ಮನೆ, ಎಂದು ಅತ್ತೆ ಮೆಲ್ಲಗೆ ತಾವೂ ಅಂದುಕೊಂಡರು. ಹೊಸ ಎಳೆಗಳನ್ನು ತೊಟ್ಟಿಗೆ ಹಾಕುವಂತೆ ನನಗೆ ಸನ್ನೆ ಮಾಡಿದರು.

ಆ ವಾರವೆಲ್ಲ ಮನೆಯಲ್ಲಿ ನಾನು ಅವರ ಹಿಂದೆ ಬಿದ್ದೆ. ಕೇಳಿ ಅತ್ತೆ, ಆ ಹುಡುಗಿಗೆ ವಿಷಯ ತಿಳಿಸಿ, ಒಳ್ಳೆಯವಳ ಹಾಗೆ ಕಾಣುತ್ತಾಳೆ, ಕೊಟ್ಟರೂ ಕೊಟ್ಟಾಳು. ನನ್ನ ಗಂಡನೂ ಕೆಳಗಿನ ತುಂಡುಗಳನ್ನು ತಾನೇ ಕೊಯ್ದು ತೆಗೆಯುವುದಾಗಿ ಹೇಳಿದರು. ಅಪ್ಪನ ಕೈಕೆಲಸ ಅವರು ಕಂಡದ್ದೇ ಇಲ್ಲ. ಅತ್ತೆ ಎಲ್ಲದಕ್ಕೂ ಹೂಂ ಎನ್ನುತ್ತ ಕೆಲಸಕ್ಕೆ ಹೋಗಿ ಬರುತ್ತಿದ್ದರು. ಕೊನೆಗೊಂದು ಸಂಜೆ ಎಣ್ಣೆ ತಿಕ್ಕುವಾಗ ನನ್ನ ಕೈ ಹಿಡಿದು ನಿಲ್ಲಿಸಿದರು.

“ಆ ಅಮ್ಮ ಅದರಲ್ಲಿ ಕೂತು ಮುದುಕಿ ಆದ್ರು. ನಾನು ಕೂರದೆ ಮುದುಕಿ ಆದೆ. ಈಗ ಕುರ್ಚಿ ಕೇಳಿದ್ರೆ ಕುರ್ಚಿ ಕೊಟ್ಟಾರು ಕಣೇ. ನಂಗೆ ಬೇಕಾಗಿದ್ದು ಆ ಬೆಳಗ್ಗೆ. ನಿನ್ನ ಮಾವ ಎದುರಿಗೆ ನಿಂತು ನೋಡ್ತಿರಬೇಕಿತ್ತು, ನಾನು ಕೂರಬೇಕಿತ್ತು.”

ನನಗೆ ಅಳು ಬಂತು. ಅತ್ತೆಯೇ ನನ್ನ ಬೆನ್ನು ತಟ್ಟಿ, ಎಣ್ಣೆ ಆರುತ್ತೆ ಬೇಗ ತಿಕ್ಕು ಎಂದರು.

ಮುಂದಿನ ವಾರದ ರಜೆಯ ದಿನ ನಾನು ಹೋದಾಗ ಹೆಣಿಗೆ ಮುಗಿದು ಒಣಗಿತ್ತು. ಎಷ್ಟೋ ಕುರ್ಚಿಗಳ ಹೆಣಿಗೆ ನೋಡಿದವಳು ನಾನು, ಇಷ್ಟು ಒತ್ತಾದದ್ದನ್ನು ಕಂಡಿರಲಿಲ್ಲ. ಆ ಜೋಡಿ ತೂತುಗಳಲ್ಲಿ ಒಂದನ್ನು ಬೇರೆ ಯಾರಾದರೂ ಮುಚ್ಚಿಬಿಡುತ್ತಿದ್ದರು. ಅತ್ತೆ ಎರಡಕ್ಕೂ ಒಂದೊಂದು ಎಳೆ ಕೊಟ್ಟು, ಜೊತೆಯಲ್ಲೇ ಎದುರಿನ ಮೂಲೆಯವರೆಗೆ ಕರೆದೊಯ್ದಿದ್ದರು. ಮಧ್ಯಾಹ್ನದ ಮೇಲೆ ಹುಡುಗಿ ಬಂದು ಒಯ್ಯುತ್ತಾಳೆ, ಅಷ್ಟರೊಳಗೆ ಒತ್ತಿ ನೋಡಬೇಕು.

ಅತ್ತೆ ಕುರ್ಚಿಯ ಬೆನ್ನು ಹಿಡಿದು ಬಲಮಂಡಿ ಎತ್ತಲು ನೋಡಿದರು. ಅರ್ಧಕ್ಕೇ ನೋವಿನಿಂದ ಉಸ್ಸೆಂದು ನಿಂತರು. ಎಡಗಡೆಯದೂ ಮೇಲೇಳಲಿಲ್ಲ. ಸಣ್ಣ ಯಜಮಾನ ಬಾಗಿಲಲ್ಲಿ ಫೋನಿನಲ್ಲಿದ್ದ. ಅಲ್ಲಿಂದಲೇ, ಬೇರೆಯವರ ಕೈಲಿ ಒತ್ತಿಸೋಣ ಬಿಡಿ ಮಂಡಿಯಮ್ಮ ಎಂದು ಹೇಳಿ ಹೊರಗೆ ಹೋದ. ಅತ್ತೆಯ ಮುಖ ಸಣ್ಣದಾಯಿತು. ತಾವು ಹೆಣೆದದ್ದನ್ನು ಇನ್ನೊಬ್ಬರು ಒತ್ತುವುದನ್ನು ಅವರು ಎಂದೂ ಒಪ್ಪಿದವರಲ್ಲ, ಅದೂ ಈ ಕುರ್ಚಿಯನ್ನು.

“ಕೂತು ನೋಡಿ ಅತ್ತೆ,” ಎಂದೆ. “ಜಗ್ಗುತ್ತಾ ಇಲ್ವಾ ಗೊತ್ತಾಗಬೇಕಲ್ಲ.”

ಅವರು ಬಾಗಿಲ ಕಡೆ ನೋಡಿದರು. ಹಳೆಯ ಯಜಮಾನರು ಸತ್ತು ಎಷ್ಟೋ ಕಾಲವಾಗಿತ್ತು. ಆದರೂ ಅವರು ಅಲ್ಲಿ ನಿಂತಿದ್ದಾರೋ ಎನ್ನುವ ಹಾಗೆ ನೋಡಿದರು. ಆಮೇಲೆ ಕುರ್ಚಿಯ ತೋಳು ಹಿಡಿದು, ತಿರುಗಿ, ಮೆಲ್ಲಗೆ ಹಿಂದಕ್ಕೆ ಸರಿದು ಕೂತರು. ಬೆತ್ತ ಕಿರ್ರೆಂದು ಸುಮ್ಮನಾಯಿತು. ಜಗ್ಗಲಿಲ್ಲ. ಆದರೆ ಕಾಲು ಗಾಳಿಯಲ್ಲಿ ನೇತಾಡುತ್ತಿತ್ತು. ಅವರ ಅಳತೆಗೆಂದೇ ಮಾಡಿದ ಕುರ್ಚಿಯಲ್ಲಿ ಅವರ ಕಾಲು ನೆಲ ಮುಟ್ಟಲಿಲ್ಲ. ಅತ್ತೆ ತಮ್ಮ ಪಾದಗಳನ್ನು ನೋಡಿಕೊಂಡು ನಾಚಿದವರ ಹಾಗೆ ನಕ್ಕು, ಇಳಿಯಲು ಮುಂದಕ್ಕೆ ಜರುಗಿದರು.

ನನಗೆ ತಡೆಯಲಾಗಲಿಲ್ಲ. ಅವರ ಮೂಲೆಗೆ ಹೋಗಿ ಆ ಮರದ ಮಣೆಯನ್ನು ತಂದು, ಎತ್ತರ ಬರಲೆಂದು ಮಗ್ಗುಲಾಗಿ ನಿಲ್ಲಿಸಿ ಕಾಲ ಕೆಳಗೆ ಸರಿಸಿದೆ. ಬದುಕಿಡೀ ಅವರು ಕೂತು ಸವೆಸಿದ ಮಣೆ. ಅದರ ಮೇಲೆ ಒಂದು ಪಾದ ಇಳಿಯಿತು, ಆಮೇಲೆ ಇನ್ನೊಂದು. ಹಿಮ್ಮಡಿ ಊರಿತು. ನಾನು ಮಣೆ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದು ಕೆಳಗೆ ಕೂತೆ. ಅತ್ತೆ ನಿಧಾನವಾಗಿ ಹಿಂದಕ್ಕೆ ಒರಗಿದರು. ಅವರ ಬೆನ್ನು ಒಂದು ಆಸರೆಗೆ ಪೂರ್ತಿ ಭಾರ ಬಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

ಕೈಗಳು ಮಾತ್ರ ತೊಡೆಯ ಮೇಲೆ ಎಳೆ ಹುಡುಕುತ್ತಿದ್ದವು.

“ಕೈ ಎಲ್ಲಿಡೋದೇ?” ಎಂದು ಕೇಳಿದರು.

ಊರಿಗೆಲ್ಲ ಕೂರುವ ಪಾಠ ಹೇಳುವ ನನಗೆ ಅದು ಗೊತ್ತಿರಲಿಲ್ಲ. ನನ್ನ ಕೈಗಳೂ ದಿನವಿಡೀ ಬಟ್ಟೆ ಮಡಚುವಂಥವೇ. ಆಮೇಲೆ ಅವರೇ ನೋಡಿದರು: ಕುರ್ಚಿಯ ಎರಡೂ ತೋಳುಗಳ ತುದಿಯಲ್ಲಿ ಪಾಲಿಶ್ ಅಳಿಸಿಹೋಗಿ ಮರ ನುಣ್ಣಗಾಗಿತ್ತು. ಆ ಅಮ್ಮ ಕಿಟಕಿಯ ಪಕ್ಕ ಸುಮ್ಮನೆ ಕೂತು ಕೈಯಿಟ್ಟು ಸವೆಸಿದ ಜಾಗ. ಅತ್ತೆ ಒಂದು ಗಳಿಗೆ ಅದನ್ನು ನೋಡುತ್ತಿದ್ದು, ತಮ್ಮ ಬಲಗೈಯನ್ನು ಅಲ್ಲಿಟ್ಟರು. ಎಡಗೈಯನ್ನೂ ಇಟ್ಟರು. ಅಳತೆ ಸರಿಹೋಯಿತು. ಅವರ ಕಣ್ಣು ಎದುರಿನ ಖಾಲಿ ಜಾಗದ ಮೇಲೆ ನಿಂತಿತು, ಒಬ್ಬರು ನಿಂತು ನೋಡುವಷ್ಟು ದೂರದಲ್ಲಿ.

ಹೊರಗೆ ಕಾರಿನ ಹಾರ್ನು ಕೇಳಿಸಿತು. ಹುಡುಗಿ ಬಂದಿದ್ದಳು. ಸಣ್ಣ ಯಜಮಾನ ಅವಳನ್ನು ಮಾತಾಡಿಸುತ್ತ ಬಾಗಿಲ ಕಡೆ ಬರುತ್ತಿದ್ದ. ನಾನು ಗಾಬರಿಯಾಗಿ, ಬಂದುಬಿಟ್ಟರು ಅತ್ತೆ, ಏಳಿ ಎಂದು ಅವರ ತೋಳಿಗೆ ಕೈ ಹಾಕಿದೆ.

ಅತ್ತೆ ಕಣ್ಣು ಕದಲಿಸಲಿಲ್ಲ.

“ಒಂದು ನಿಮಿಷ ಕಾಯಲಿ ಬಿಡು,” ಎಂದರು.